ಸೂಜಿರಾಯನ ತೋಳು

ಒಂದಾನೊಂದು ಊರಲ್ಲಿ ಒಬ್ಬ ಸೂಜಿರಾಯನಿದ್ದ. ಓದಿದ್ದು ಏಳನೇ ಕ್ಲಾಸು, ಆದರೂ ಊರೆಲ್ಲ ಅವನನ್ನು ಡಾಕ್ಟ್ರು ಎನ್ನುತ್ತಿತ್ತು. ಬಂದವರ ಸಾಲು ಎಷ್ಟೇ ಉದ್ದವಿರಲಿ, ಅವನು ಚುಚ್ಚುತ್ತಿದ್ದುದು ಒಂದೇ ಸೂಜಿಯಲ್ಲಿ. ಹಾಗೆ ಚುಚ್ಚಿಸಿಕೊಂಡ ಹುಡುಗಿಯೊಬ್ಬಳು ಕಾಮಾಲೆ ಹತ್ತಿ ಸತ್ತಳು. ಹಣೆಬರಹ ಎಂದ ಅವನು. ಊರೂ ಹೂಂ ಎಂದಿತು.

"ಅಕ್ಕ ಹೆಂಗೆ ಸತ್ತಳು ಅಂತ ಅವನ ಬಾಯಲ್ಲೇ ಊರಿಗೆ ಹೇಳಿಸ್ತೀನಜ್ಜಿ," ಎಂದು ಅಜ್ಜಿಗೆ ಮಾತು ಕೊಟ್ಟ ಅವಳ ತಂಗಿ, ಪಟ್ಟಣಕ್ಕೆ ಹೋಗಿ ಆರೋಗ್ಯ ಶಿಕ್ಷಣದ ಪದವಿಗೆ ಸೇರಿದಳು.

ಮೂರನೇ ವರ್ಷ ಹಳ್ಳಿಯೊಂದರಲ್ಲಿ ಜನರೆದುರು ಪ್ರಾತ್ಯಕ್ಷಿಕೆ ಕೊಡಬೇಕಿತ್ತು. ಅವಳು ನೆಟ್ಟಗೆ ತನ್ನೂರಿನ ಸೂಜಿರಾಯನ ಶಾಪಿಗೇ ಹೋದಳು. ಬೆಂಚಿನ ತುಂಬ ಜನ.

"ಏನವ್ವಾ, ನೀನೂ ಡಾಕ್ಟ್ರಾಗ್ತೀಯಂತೆ?"

"ಇಲ್ಲ ಡಾಕ್ಟ್ರೇ, ನಮ್ದು ಜನಕ್ಕೆ ತಿಳಿಹೇಳೋ ಓದು."

"ಓಹೋ! ಕೈ ತೊಳ್ಕಳಿ, ಕಾಯಿಸಿದ ನೀರು ಕುಡೀರಿ ಅನ್ನೋಕೂ ಡಿಗ್ರಿ ಬೇಕಾ?"

ಬೆಂಚೆಲ್ಲ ನಕ್ಕಿತು. ಅವಳೂ ನಕ್ಕಳು.

"ಜನಕ್ಕೆ ಇಂಜೆಕ್ಷನ್ ಅಂದ್ರೆ ಭಯ ಡಾಕ್ಟ್ರೇ. ನಿಮಗೇ ಒಂದು ಚುಚ್ಚಿ ತೋರಿಸ್ಲಾ? ಧೈರ್ಯ ಬರ್ತದೆ."

"ಚುಚ್ಚವ್ವಾ, ನಂಗೇನು ಭಯ!" ಅವನು ಉಬ್ಬಿಹೋಗಿ ತೋಳು ಚಾಚಿದ.

ಅವನು ಆಗಷ್ಟೇ ಒಬ್ಬ ಮುದುಕನಿಗೆ ಚುಚ್ಚಿ ತಟ್ಟೆಯಲ್ಲಿಟ್ಟಿದ್ದ ಸೂಜಿಯನ್ನೇ ಎತ್ತಿಕೊಂಡು ಅವಳು ಅವನ ತೋಳಿನ ಹತ್ತಿರ ತಂದಳು.

ಅವನು ಕುರ್ಚಿ ಸಮೇತ ಹಿಂದಕ್ಕೆ ಬಿದ್ದ.

"ಲೇ, ಬೇರೆಯೋರಿಗೆ ಚುಚ್ಚಿದ್ ಸೂಜಿ ಕಣೇ ಅದು! ರೋಗ ಹತ್ತಿ ಸತ್ತೋಗ್ತೀನಿ!"