ಕೆಳಗಿನ ಡಬ್ಬಿ ಹೇಳಿದ್ದು

"ಯಾರೂ ಇಳೀಬೇಡಿ," ಎಂದು ರೋಜಾಲಿಯಾ ನೆಲಮಾಳಿಗೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಕೆಳಗೆ ಅವಳ ಮಗ ಬಾಲಿಂತ್ ಇದ್ದ. ಹೋದವನು ಮೇಲೆ ಬಂದಿರಲಿಲ್ಲ.

ಸೊಸೆ ಇಲ್ದಿಕೋ ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗವುಚಿಕೊಂಡು, ಇನ್ನೊಂದು ಕೈಯಿಂದ ಅತ್ತೆಯ ತೋಳು ಎಳೆಯುತ್ತಿದ್ದಳು. "ದಾರಿ ಬಿಡಿ ಅತ್ತೆ, ನಾನು ಹೋಗ್ತೀನಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಹೋಗಿ ಏನ್ ಮಾಡ್ತೀಯಾ? ಅವನ ಪಕ್ಕ ಮಲಗ್ತೀಯಾ?"

ಪಕ್ಕದ ನೆಲಮಾಳಿಗೆಯ ಆಂಬ್ರುಶ್ ಫೋನು ಹಿಡಿದುಕೊಂಡೇ ಓಡಿಬಂದ. ಎರಡು ಮಾಳಿಗೆಗಳಿಗೂ ನಡುವೆ ಒಂದೇ ಗೋಡೆ. ಇಲ್ಲಿನ ಗಾಳಿ ಕೆಟ್ಟರೆ ಅಲ್ಲಿಗೂ ಇಳಿಯುತ್ತದೆ. ಅದಕ್ಕೇ ಬಾಲಿಂತನ ಡಬ್ಬಿಗಳ ಸುದ್ದಿ ಅವನ ಫೋನಿಗೂ ಬರುತ್ತಿತ್ತು.

"ಕೆಳಗಿನ ಡಬ್ಬಿ ಕೆಂಪು ತೋರಿಸ್ತಿದೆ ಅಕ್ಕ. ವಿಷಗಾಳಿ ನೂರಕ್ಕೆ ಹನ್ನೊಂದು! ಇದರಲ್ಲಿ ಅರ್ಧ ಇದ್ರೂ ಮನುಷ್ಯ ತಡಕೊಳ್ಳೋದು ಕಷ್ಟ. ಫೈರ್ ಇಂಜಿನ್ನಿಗೆ ಹೇಳಿದೀನಿ, ಪೇಟೆಯಿಂದ ಹೊರಟಿದೆ."

ದ್ರಾಕ್ಷಿ ರಸ ಹುಳಿಬರುವ ದಿನಗಳು. ಟೊಕಾಯ್ ಗುಡ್ಡದ ಹೊಟ್ಟೆಯಲ್ಲಿ ಕೊರೆದ ಈ ಮಾಳಿಗೆಗಳಲ್ಲಿ ಆಗ ಒಂದು ಗಾಳಿ ಹುಟ್ಟುತ್ತದೆ. ಬಣ್ಣವಿಲ್ಲ, ಸದ್ದಿಲ್ಲ. ನೀರಿನಂತೆ ತಳದಲ್ಲಿ ನಿಲ್ಲುತ್ತದೆ. ಹಿಂದಿನವರು ಮೇಣದಬತ್ತಿ ಹಿಡಿದೇ ಇಳಿಯುತ್ತಿದ್ದರು. ಬತ್ತಿ ಆರಿತೋ, ತಿರುಗಿ ಓಡಬೇಕು.

ಬಾಲಿಂತ್ ಅದನ್ನು ನಗೆಯಾಡಿ ನಿಲ್ಲಿಸಿದ್ದ. ಗಾಳಿ ಅಳೆಯುವ ಮೂರು ಪುಟ್ಟ ಡಬ್ಬಿಗಳನ್ನು ತಂದು ಮೇಲೆ, ನಡುವೆ, ಕೆಳಗೆ ಒಂದೊಂದರಂತೆ ಮೊಳೆಗೆ ತೂಗುಹಾಕಿದ್ದ. ಅವಕ್ಕೆ ತಂತಿಯಿಲ್ಲ. ಪ್ರತಿಯೊಂದೂ ತನ್ನ ಹೆಸರು ಹೇಳಿ ಅಂಕಿಯನ್ನು ಕ್ಲೌಡಿಗೆ ಕೂಗುತ್ತದೆ. ಆ ಹೆಸರು ಬೇಕೆಂದು ಕೇಳಿಕೊಂಡವರಿಗೆಲ್ಲ ಕ್ಲೌಡು ಅದನ್ನು ಮುಟ್ಟಿಸುತ್ತದೆ. ಈ ಏರ್ಪಾಟಿಗೆ ಎಂಕ್ಯೂಟಿಟಿ ಎನ್ನುತ್ತಾರಂತೆ.

"ಅಂಚೆ ಕಚೇರಿ ಇದ್ದ ಹಾಗೆ ಅಮ್ಮ," ಎಂದಿದ್ದ ಅವನು. "ಹೆಸರು ನೋಡಿ ಬಟವಾಡೆ ಮಾಡತ್ತೆ. ಕಾಗದ ಎಲ್ಲಿಂದ ಹಾಕಿದ್ರೂ ಅದಕ್ಕೇನು? ಹೋಗಲಿ ಬಿಡು, ನಿನ್ನ ತಲೆಗೆ ಹತ್ತಲ್ಲ. ನೀನು ಹೋಗಿ ಸಾರು ಕುದಿಸು."

ರೋಜಾಲಿಯಾ ಸಾರು ಕುದಿಸಿದ್ದಳು.

ಈ ದಿನ ಕೆಳಗೆ ಏನೋ ಬಿದ್ದ ಸದ್ದು ಮೊದಲು ಕೇಳಿದ್ದು ಅವಳಿಗೆ. ಸೊಸೆಯನ್ನು ಕೂಗಿದ್ದೂ ಅವಳೇ. ಊಟಕ್ಕೆ ಮುಂಚೆಯೇ ಬಾಲಿಂತ್ ಪಾಲಿಂಕಾ ಬ್ರಾಂದಿ ಏರಿಸಿದ್ದ ಎಂಬುದು ಮೂವರಿಗೂ ಗೊತ್ತಿತ್ತು.

"ಬತ್ತಿ ಇದ್ರೆ ಕೊಡಿ," ಎಂದ ಆಂಬ್ರುಶ್. "ದಾರಕ್ಕೆ ಕಟ್ಟಿ ಬಿಟ್ಟು ನೋಡೋಣ."

"ಬತ್ತಿಗಳನ್ನ ಅವನೇ ಬಿಸಾಕಿದ. ನಿನ್ನ ಫೋನು ಹೇಳಿದ್ದಕ್ಕಿಂತ ಹೆಚ್ಚಿಗೆ ಬತ್ತಿ ಏನು ಹೇಳತ್ತಪ್ಪ? ನಿನಗೆ ಮೂರು ಮಕ್ಕಳು. ಒಂದು ಹೆಣದ ಹಿಂದೆ ಇನ್ನೊಂದು ಇಳಿದ ಕಥೆ ಈ ಗುಡ್ಡದಲ್ಲಿ ಕಡಿಮೆ ಇದೆಯಾ?"

ಆಂಬ್ರುಶ್ ತಲೆ ತಗ್ಗಿಸಿದ. ಅವನ ಮುಖದಲ್ಲಿ ನಾಚಿಕೆಯಿತ್ತು. ನಾಚಿಕೆಯ ಹಿಂದೆ ಬಚಾವಾದ ನಿಟ್ಟುಸಿರೂ ಇತ್ತು. "ಹೆತ್ತ ಕರುಳು ಕಲ್ಲು ಮಾಡ್ಕೊಂಡು ನಮ್ಮನ್ನ ಉಳಿಸ್ತಿದೀರಿ ಅಕ್ಕ," ಎಂದ.

ಇಲ್ದಿಕೋ ತಟ್ಟನೆ ಬಾಗಿಲಿಗೆ ಕಿವಿ ಹಚ್ಚಿದಳು. "ಸುಮ್ನಿರಿ! ಏನೋ ಕೇಳ್ತು. ನರಳಿದ ಹಾಗೆ!"

"ಪೀಪಾಯಿ ಕಣೇ. ರಸ ಉಕ್ಕೋ ಸದ್ದು."

"ಅಲ್ಲ ಅತ್ತೆ..."

"ಈ ಮಾಳಿಗೆಗೆ ಸೊಸೆಯಾಗಿ ಬಂದು ನಲವತ್ತು ಸುಗ್ಗಿ ಕಂಡಿದೀನಿ. ನನಗೆ ಗೊತ್ತಿಲ್ವಾ?"

ಸೊಸೆ ನೆಲಕ್ಕೆ ಕುಸಿದು ಅತ್ತಳು. ರೋಜಾಲಿಯಾ ಅವಳ ತಲೆ ಸವರಿದಳು. ಹೋದ ತಿಂಗಳು ಆ ಕೈ ಮುರಿದಾಗ, ಮೆಟ್ಟಿಲಲ್ಲಿ ಜಾರಿದಳು ಎಂದು ಡಾಕ್ಟರಿಗೆ ಹೇಳಿದವಳು ರೋಜಾಲಿಯಾ. ಬಾಲಿಂತ್ ಆಗ ಪಕ್ಕದಲ್ಲೇ ನಿಂತು ಟೋಪಿ ತಿರುಗಿಸುತ್ತಿದ್ದ. ಇಷ್ಟಾದರೂ ಈ ಹುಡುಗಿ ಅವನಿಗಾಗಿ ಅಳುತ್ತಿದ್ದಾಳೆ.

ಆಂಬ್ರುಶ್ ಆಗಾಗ ಅಂಕಿ ಓದುತ್ತಿದ್ದ. ಹನ್ನೆರಡು. ಹನ್ನೆರಡೂವರೆ. ಬಾಗಿಲ ಹಿಂದಿನ ಸದ್ದು ನಿಂತೇಹೋಯಿತು. ಇಲ್ದಿಕೋ ಮತ್ತೆ ಕಿವಿ ಹಚ್ಚಲಿಲ್ಲ.

ಫೈರ್ ಇಂಜಿನ್ ಬಂತು. ಮುಖಕ್ಕೆ ಮಾಸ್ಕು, ಬೆನ್ನಿಗೆ ಗಾಳಿಯ ಸಿಲಿಂಡರು ಹೊತ್ತ ಇಬ್ಬರು ಇಳಿದರು. ಆಗ ಮಾತ್ರ ರೋಜಾಲಿಯಾ ಬಾಗಿಲು ಬಿಟ್ಟು ಸರಿದು, ಪಕ್ಕದಲ್ಲೇ ಹುಳಿಬರುತ್ತಿದ್ದ ರಸದ ತೊಟ್ಟಿಯ ಕಟ್ಟೆಯ ಮೇಲೆ ಕೂತಳು.

ಫೈರ್ ಇಂಜಿನ್ನಿನವರ ಯಜಮಾನ ಮೇಲೆ ಬಂದಾಗ ಮಾಸ್ಕು ಕತ್ತಿನಲ್ಲಿ ಜೋತಾಡುತ್ತಿತ್ತು.

"ಗ್ಯಾಸೂ ಇಲ್ಲ, ಏನೂ ಇಲ್ಲ," ಎಂದ. "ನಮ್ಮ ಮೀಟರು ಕಮಕ್ ಕಿಮಕ್ ಅನ್ಲಿಲ್ಲ. ಮೆಟ್ಟಿಲಿಂದ ಬಿದ್ದಿದಾನೆ. ತೊಡೆ ಸೀಳಿ ರಕ್ತ ಹರಿದುಹೋಗಿದೆ. ಯಾರಾದ್ರೂ ಇಳಿದು ಒಂದು ಬಟ್ಟೆ ಬಿಗಿದಿದ್ರೆ ಉಳೀತಿದ್ದ. ನೀವೆಲ್ಲ ಇಲ್ಲಿ ನಿಂತು ಏನ್ ಮಾಡ್ತಿದ್ರಿ?"

ಆಂಬ್ರುಶ್ ಫೋನು ಮುಂದೆ ಹಿಡಿದ. ಅದು ಇನ್ನೂ ಕೆಂಪಗೇ ಇತ್ತು.

"ಕೆಳಗೆ ಡಬ್ಬಿ ಎಲ್ಲಿದೆ?" ಎಂದ ಯಜಮಾನ. "ಬರೀ ಮೊಳೆ ನೋಡ್ದೆ ನಾನು." ಅವನ ಕಣ್ಣು ಇಲ್ದಿಕೋಳ ಮುರಿದ ಕೈಯ ಮೇಲೆ ಹೋಗಿ ನಿಂತಿತು. ಆಂಬ್ರುಶ್ ಕೂಡ ಅತ್ತಲೇ ನೋಡಿದ. ಅವಳು ಏನೂ ಅರಿಯದೆ ಇಬ್ಬರ ಮುಖವನ್ನೂ ನೋಡಿದಳು.

"ಅವಳನ್ನ ಯಾಕೆ ನೋಡ್ತೀರಿ?" ಎಂದಳು ರೋಜಾಲಿಯಾ. "ಈ ಮನೇಲಿ ಮೆಟ್ಟಿಲು ಯಾರ ಕೈಯನ್ನೂ ಮುರಿದಿಲ್ಲ." ಎದ್ದು, ತೊಟ್ಟಿಯ ಮೇಲಿನ ಬಟ್ಟೆ ಸರಿಸಿ, ನೊರೆಯ ಮೇಲೆ ಜೋತುಬಿದ್ದಿದ್ದ ಡಬ್ಬಿಯನ್ನು ದಾರ ಹಿಡಿದು ಎತ್ತಿದಳು.

ಬಿದ್ದ ಸದ್ದು ಕೇಳಿ ಮೊದಲು ಇಳಿದುಹೋದವಳು ಅವಳೇ. "ಅಮ್ಮಾ" ಎಂದು ಅವನು ಕೈ ಚಾಚಿದ್ದ. ಅವಳೂ ಚಾಚಿದ್ದಳು, ಅವನ ತಲೆಯ ಮೇಲಿದ್ದ ಮೊಳೆಗೆ.