ಹಲಗೆಯ ಮೇಲಿನ ತಪ್ಪು

ಅಕ್ಕ ಹಲಗೆಯ ಮೇಲೆ ಆ ಸಾಲು ಬರೆಯುವುದನ್ನೇ ಅವನು ಹೊಂಚುಹಾಕಿ ಕಾದಿದ್ದ. ಬರೆದಳು. ಸೀಮೆಸುಣ್ಣ ಕೆಳಗಿಟ್ಟು, ಬೇಕೆಂದೇ ಎಂಬಂತೆ ಒಂದು ಗಳಿಗೆ ನಿಂತಳು. ಅವನ ಮೈಯೆಲ್ಲ ಉರಿಯಿತು. ಈಗಲೇ ಬೇಡ, ಪೂರ್ತಿ ಮುಗಿಸಲಿ ಎಂದು ಹಲ್ಲು ಕಚ್ಚಿ ಕೂತ.

ಅವಳೇನು ಒಡಹುಟ್ಟಿದವಳಲ್ಲ. ಗಣಿತ ವಿಭಾಗದ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಎಲ್ಲರಿಗಿಂತ ಹಿರಿಯಳು, ಹಾಗಾಗಿ ಎಲ್ಲರಿಗೂ ಅಕ್ಕ. ಕಳೆದ ವರ್ಷ ಇದೇ ಕೋಣೆಯಲ್ಲಿ ಉಪನ್ಯಾಸ ಕೊಡುವ ಸರದಿ ಅವನದಾಗಿತ್ತು. ಬೆವರು ಸುರಿಸಿ ಕಟ್ಟಿದ ಪ್ರಮೇಯವನ್ನು ಅವಳು ಒಂದೇ ಮಾತಿನಲ್ಲಿ ಕೆಡವಿದಳು. "ಸೊನ್ನೆ ಹಾಕಿ ನೋಡಿದ್ಯೇನೋ?" ಸಭೆ ಗೊಳ್ಳೆಂದು ನಕ್ಕಿತು. ಅವತ್ತಿನಿಂದ ವಿಭಾಗದಲ್ಲಿ ಅವನ ಹೆಸರೇ ಸೊನ್ನೆ. ಚಹಾ ಕುಡಿಯುವಲ್ಲೂ ಬಿಡಲಿಲ್ಲ: "ಸೊನ್ನೆಗೆ ಸಕ್ಕರೆ ಎಷ್ಟು?"

ಹೋದ ವಾರ ಅವಳೇ ಕರೆದು ಇವತ್ತಿನ ಇಡೀ ಉಪನ್ಯಾಸವನ್ನು ಅವನೆದುರು ಒಮ್ಮೆ ಒಪ್ಪಿಸಿದ್ದಳು. "ತಪ್ಪು ಕಂಡ್ರೆ ಸಭೆಯಲ್ಲೇ ಕೇಳು. ಮುಲಾಜು ನೋಡ್ಬೇಡ."

ಎಂಥ ಸೊಕ್ಕು! ಅವನು ಊಟ ನಿದ್ದೆ ಬಿಟ್ಟು ಜಾಲಾಡಿದ. ಸಿಕ್ಕಿತು. ಅನಂತ ಮೊತ್ತವೊಂದರ ಪದಗಳನ್ನು ತನಗೆ ಬೇಕಾದ ಹಾಗೆ ಹಿಂದುಮುಂದು ಮಾಡಿದ್ದಳು. ಹಾಗೆ ಮಾಡಿದರೆ ಕೆಲವೊಮ್ಮೆ ಮೊತ್ತವೇ ಬೇರೆಯಾಗಿಬಿಡುತ್ತದೆ.

ಮುಂದಿನ ಸಾಲಿನಲ್ಲಿ ಹೊರಗಿನಿಂದ ಬಂದ ವಯಸ್ಸಾದ ಗಣಿತಜ್ಞೆ ಕೂತಿದ್ದರು. ಮೇಷ್ಟ್ರಿಗೆ ದೊಡ್ಡದೊಂದು ಪ್ರಶಸ್ತಿ ಕೊಡಬಹುದೋ ಇಲ್ಲವೋ ಎಂದು ನಿರ್ಧರಿಸುವವರು ಅವರೇ. ಪಕ್ಕದಲ್ಲಿ ಮೇಷ್ಟ್ರು, ಅಕ್ಕನಿಗೂ ಅವನಿಗೂ ಮಾರ್ಗದರ್ಶಕರು. ಅಕ್ಕ ಬರೆಯುವ ಮೊದಲೇ ಅವರ ತುಟಿ ಮುಂದಿನ ಸಾಲನ್ನು ಗುನುಗುತ್ತಿತ್ತು. ಶಿಷ್ಯೆಯ ಮೇಲೆ ಎಷ್ಟು ಹೆಮ್ಮೆ! ಇರಲಿ, ಇನ್ನೆಷ್ಟು ಹೊತ್ತು?

"ಯಾರಿಗಾದ್ರೂ ಪ್ರಶ್ನೆ ಇದ್ಯಾ?" ಬರೆದು ಮುಗಿಸಿ ಅಕ್ಕ ಕೇಳಿದಳು.

ಅವನು ಎದ್ದ. "ಅಕ್ಕ, ಮೊತ್ತದ ಕ್ರಮ ಬದಲಾಯಿಸಿದ್ರಲ್ಲ, ಯಾವ ಧೈರ್ಯದ ಮೇಲೆ?"

ಹಲಗೆಯ ಬಳಿ ಹೋಗಿ ಉದಾಹರಣೆಯೊಂದನ್ನು ಬರೆದು ತೋರಿಸಿದ. ಅದೇ ಉಪಾಯ, ಎರಡು ಬೇರೆ ಬೇರೆ ಉತ್ತರ. ಪ್ರಮೇಯ ದೊಪ್ಪನೆ ಬಿತ್ತು. ಈ ಸಲ ಯಾರೂ ನಗಲಿಲ್ಲ.

ಅಕ್ಕ ತಲೆ ತಗ್ಗಿಸಿದಳು. "ನನ್ನ ಹತ್ರ ಉತ್ತರ ಇಲ್ಲ. ಆ ಸಾಲು ಮೇಷ್ಟ್ರ ಹೊಸ ಪ್ರಬಂಧದ್ದು. ಅವರೇ ಹೇಳಬೇಕು."

ಅವನು ಸೀಮೆಸುಣ್ಣ ಕೆಳಗಿಟ್ಟು ಹಲಗೆಯಿಂದ ಹಿಂದೆ ಸರಿದ.

"ಹೌದಲ್ಲ, ಪ್ರಶಸ್ತಿಗೆ ಕಳಿಸಿದ್ದೀರಲ್ಲ, ಅದೇ ಪ್ರಬಂಧ," ಎಂದು ಗಣಿತಜ್ಞೆ ಮೇಷ್ಟ್ರ ಕಡೆ ತಿರುಗಿದರು. "ಈ ಸಾಲು ನಿಮ್ಮದೇ ತಾನೇ?"

ಮೇಷ್ಟ್ರು ಅಕ್ಕನನ್ನು ನೋಡಿದರು. ಅವಳು ಕಣ್ಣು ತಪ್ಪಿಸಲಿಲ್ಲ.

"ನನ್ನದೇ," ಎಂದರು.

ಹಲಗೆಯ ಬಳಿ ಹೋದರು. ಬರೆದರು, ಒರೆಸಿದರು, ಮತ್ತೆ ಬರೆದರು. ತಮ್ಮದೇ ಸಾಲಿನ ಮುಂದೆ ದಾರಿ ತಪ್ಪಿದವರ ಹಾಗೆ ನಿಂತರು. ಗಣಿತಜ್ಞೆ ಕನ್ನಡಕ ತೆಗೆದು ಪೆಟ್ಟಿಗೆಯಲ್ಲಿಟ್ಟು, ಎದ್ದು ಹೋದರು.

ಮೊಗಸಾಲೆಯಲ್ಲಿ ಅವನು ಓಡಿಬಂದು ಅಕ್ಕನನ್ನು ತಡೆದ. "ನಾನು ಬೀಳಿಸೋಕೆ ಹೊರಟಿದ್ದು ನಿಮ್ಮನ್ನ."

"ಗೊತ್ತು ಕಣೋ. ಆ ತಪ್ಪು ಹುಡುಕೋವಷ್ಟು ಸಿಟ್ಟು ಇಲ್ಲಿ ನಿನಗೊಬ್ಬನಿಗೇ ಇತ್ತು."

"ಅಷ್ಟು ದೊಡ್ಡವರು ಇಂಥ ತಪ್ಪು ಹೇಗೆ ಮಾಡಿದ್ರು?"

ಅಕ್ಕ ಕೈಗೆ ಮೆತ್ತಿದ್ದ ಸುಣ್ಣ ಕೊಡವಿಕೊಂಡಳು.

"ಅವರು ಮಾಡಿಲ್ವೋ. ತಪ್ಪು ನಂದು. ತಿದ್ದೋ ಮೊದಲೇ ಅವರು ಕದ್ದುಬಿಟ್ರು."