ಮಾತು ತಿಳಿಯುವ ಕುದುರೆ

ನಾಲ್ಕು ರಸ್ತೆ ಕೂಡುವ ಜಾಗದಲ್ಲಿ, ಗಾಡಿ ತುಂಬ ಕಿಟಕಿ ಗಾಜು ಇರುವಾಗ, ಕುದುರೆ ನಿಂತೇಬಿಟ್ಟಿತು.

“ನಡೀ!” ಎಂದ ಗುಡುಗಪ್ಪ.

ಎದುರು ಕಟ್ಟಡದ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದವು. ಅಂಗಡಿಗಳಿಂದ ತಲೆಗಳು ಹೊರಬಂದವು. ಕುದುರೆಯ ಕಿವಿ ಕೂಡ ಅಲುಗಲಿಲ್ಲ.

“ನಡಿಯೇ ಅಂದ್ರೆ!”

ಗುಡುಗಪ್ಪ ಅವನ ಹೆಸರಲ್ಲ, ಬೀದಿಯವರು ಕೊಟ್ಟ ಬಿರುದು. ಕಲ್ಲು ಪುಡಿಮಾಡುವ ಯಂತ್ರದ ಪಕ್ಕದಲ್ಲೇ ಹುಟ್ಟಿ, ಬೆಳೆದು, ದುಡಿದವನು. ಅಲ್ಲಿ ಕೂಗಿದರಷ್ಟೇ ಮಾತು. ಆ ಕೆಲಸ ಬಿಟ್ಟು ಗಾಜು ಸಾಗಿಸತೊಡಗಿ ವರ್ಷಗಳಾದರೂ ಯಂತ್ರ ಅವನ ಗಂಟಲಿನಲ್ಲಿ ಇನ್ನೂ ನಿಂತಿರಲಿಲ್ಲ. ಹಿಂದಿನ ಕುದುರೆ ಅವನ ಒಂದು ಕೂಗಿಗೆ ಬೆದರಿ ಓಡಿ, ಗಾಡಿಯ ಗಾಜನ್ನೆಲ್ಲ ಬೀದಿಗೆ ಚೆಲ್ಲಿತ್ತು. ಆ ಸಿಟ್ಟನ್ನು ಮನೆಗೆ ಹೊತ್ತು ತಂದು ಹೆಂಡತಿಯ ಮೇಲೆ ಕಾರಿದಾಗ, ಪುಟ್ಟ ಮಗಳು ಮೇಜಿನ ಕೆಳಗೆ ನುಸುಳಿದವಳು ಊಟಕ್ಕೂ ಹೊರಬರಲಿಲ್ಲ.

ಹೆಂಡತಿ ಜಗಳವಾಡಲಿಲ್ಲ. ಅಟ್ಟದಿಂದ ಟ್ರಂಕ್ ಇಳಿಸಿದಳು. ತನ್ನ ಬಟ್ಟೆ, ಮಗಳ ಬಟ್ಟೆ ತುಂಬಿ ಬಾಗಿಲ ಪಕ್ಕ ಇಟ್ಟಳು.

“ಇನ್ನೊಂದು ಸಲ ಇವಳು ಮೇಜಿನ ಕೆಳಗೆ ಹೋದ್ರೆ ನಾವಿಬ್ರೂ ನಮ್ಮಮ್ಮನ ಮನೆಗೆ. ಆಮೇಲೆ ನೀವು, ಈ ಗೋಡೆ, ಎಷ್ಟು ಬೇಕಾದ್ರೂ ಕೂಗಾಡ್ಕೊಳ್ಳಿ.”

ಹೊಸ ಕುದುರೆ ಕೊಳ್ಳಲು ಹೋದಾಗ ಅವಳೂ ಜೊತೆಗೆ ಹೊರಟಳು. “ನೀವು ಹಲ್ಲು ನೋಡಿ, ನಾನು ಗುಣ ವಿಚಾರಿಸ್ತೀನಿ.” ಅವನು ಕಂದು ಕುದುರೆಯೊಂದರ ಕಾಲೆತ್ತಿ ಗೊರಸು ನೋಡುತ್ತಿದ್ದಷ್ಟು ಹೊತ್ತೂ ಅವಳು ನೀರಿನ ತೊಟ್ಟಿಯ ಹತ್ತಿರ ವ್ಯಾಪಾರಿಯ ಜೊತೆ ಮಾತಾಡುತ್ತಿದ್ದಳು. ಆಮೇಲೆ ವ್ಯಾಪಾರಿ ಬಂದು, ಪಾಠ ಒಪ್ಪಿಸುವವನಂತೆ ಒಂದೇ ಉಸಿರಿಗೆ ಹೇಳಿದ: “ಚಿನ್ನದಂಥ ಕುದುರೆ ಸ್ವಾಮಿ. ಪ್ರತಿ ಮಾತೂ ಅರ್ಥ ಆಗುತ್ತೆ. ಆದ್ರೆ ಗದರಬಾರ್ದು. ಮುಂದೆ ಹೋಗಿ, ಕುತ್ತಿಗೆ ಮುಟ್ಟಿ, ಕಿವೀಲಿ ಮೆಲ್ಲಗೆ ಹೇಳ್ಬೇಕು.”

ಚಿನ್ನವಂತೆ! ಹಿಂದಿನಿಂದ ಹೋದರೆ ಒದೆಯಿತು. ಪಕ್ಕದಿಂದ ಹೋದರೆ ತೋಳು ಕಚ್ಚಿತು. ಈಗ ನೋಡಿದರೆ ನಡುರಸ್ತೆಯಲ್ಲಿ ಧರಣಿ.

“ಏನಪ್ಪಾ, ಕುದುರೆಗೆ ಬ್ಯಾಟರಿ ಮುಗೀತಾ?” ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಬಂದ.

ಬೇರೆ ದಾರಿಯಿರಲಿಲ್ಲ. ಗುಡುಗಪ್ಪ ಗಾಡಿಯಿಂದ ಇಳಿದ. ಕುದುರೆಯ ಮುಂದೆ ನಿಂತು, ಕುತ್ತಿಗೆಯ ಮೇಲೆ ಕೈಯಿಟ್ಟು, ಯಾರಿಗೂ ಕೇಳದಂತೆ ಕಿವಿಗೆ ಬಾಯಿ ಹಚ್ಚಿದ.

“ತಾಯಿ, ಮಹಾರಾಯ್ತಿ, ನನ್ನ ಮಾನ ಉಳಿಸು. ನಡಿಯಮ್ಮ.”

ಕುದುರೆ ಅವನನ್ನೊಮ್ಮೆ ನೋಡಿತು. ನಿಟ್ಟುಸಿರು ಬಿಟ್ಟು ಹೆಜ್ಜೆ ಹಾಕಿತು.

ಅಲ್ಲಿಂದ ಅವನು ಗಾಡಿಯ ಮೇಲೆ ಕೂರುವುದನ್ನೇ ಬಿಟ್ಟ. ಕುತ್ತಿಗೆಗೆ ಕೈ ಕೊಟ್ಟು ಪಕ್ಕದಲ್ಲೇ ನಡೆದ. ಬರೀ “ಎಡಕ್ಕೆ”, “ಬಲಕ್ಕೆ” ಎಂದು ಎಷ್ಟು ಹೊತ್ತು ಪಿಸುಗುಟ್ಟಲಾದೀತು? ಗಿರಾಕಿಗಳ ತಕರಾರು ಹೇಳಿದ. ಮಂಡಿನೋವು ಹೇಳಿದ. ಒಂದು ದಿನ ಮೇಜಿನ ವಿಷಯವನ್ನೂ ಹೇಳಿದ. ಕುದುರೆ ಮಧ್ಯೆ ಬಾಯಿ ಹಾಕಲಿಲ್ಲ, ಬುದ್ಧಿವಾದ ಹೇಳಲಿಲ್ಲ. ಇಷ್ಟು ಸಮಾಧಾನವಾಗಿ ಅವನ ಮಾತು ಕೇಳಿದವರು ಇದುವರೆಗೆ ಯಾರೂ ಇರಲಿಲ್ಲ.

ದಿನವೆಲ್ಲ ಪಿಸುಗುಟ್ಟಿದ ಗಂಟಲು ಸಂಜೆಗೆ ಏಕಾಏಕಿ ಏರಲು ಒಪ್ಪಲಿಲ್ಲ. “ಊಟ ಆಯ್ತಾ ಮರಿ?” ಎಂಬುದು ಅದೇ ದನಿಯಲ್ಲಿ ಬಂತು. ಮಗಳು ಮೊದಲು ಅನುಮಾನದಿಂದ ನೋಡಿದಳು. ಆಮೇಲೆ ಹತ್ತಿರ ಬಂದಳು. ಆಮೇಲೆ ಅವನ ತೊಡೆಯೇರಿ ಕೂತು ಮಗ್ಗಿ ಹೇಳತೊಡಗಿದಳು.

ಟ್ರಂಕ್ ಮಾತ್ರ ಬಾಗಿಲ ಪಕ್ಕದಲ್ಲೇ ಇತ್ತು.

ಒಂದು ಬೆಳಿಗ್ಗೆ ಲಾಯದಲ್ಲಿ, ಕುದುರೆಯ ಬೆನ್ನ ಹಿಂದೆಯೇ, ಹುರುಳಿ ಡಬ್ಬದ ಮುಚ್ಚಳ ಕಲ್ಲಿನ ಮೇಲೆ ಢಣಾರನೆ ಬಿತ್ತು. ಮಗಳು ಹಾರಿಬಿದ್ದಳು. ಕುದುರೆ ಮೇಯುತ್ತಲೇ ಇತ್ತು.

“ನೋಡಿದ್ಯೇನೇ? ಎಂಥಾ ಗಟ್ಟಿ ಗುಂಡಿಗೆ!” ಗುಡುಗಪ್ಪ ಹಿಗ್ಗಿದ. ಹೆಂಡತಿ ಯಾಕೋ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಕೆಮ್ಮಿದಳು.

ಕುದುರೆ ಕುಂಟತೊಡಗಿದಾಗ ಪಶುವೈದ್ಯರು ಬಂದರು. ಗೊರಸಿನಲ್ಲಿ ಸಿಕ್ಕಿದ್ದ ಗಾಜಿನ ಚೂರು ತೆಗೆದರು. ಕೈ ತೊಳೆಯುತ್ತ ಕುದುರೆಯನ್ನೇ ದಿಟ್ಟಿಸಿದರು. ಅದರ ಹಿಂದೆ ಹೋಗಿ ಬಕೆಟ್ಟು ಬಡಿದರು. ಇನ್ನೊಮ್ಮೆ ಬಡಿದರು.

“ಇದಕ್ಕೆ ಕಿವಿ ಕೇಳಿಸಲ್ಲ ಕಣಯ್ಯಾ. ಹುಟ್ಟು ಕಿವುಡು ಅಂತ ಕಾಣುತ್ತೆ.”

“ಛೆ, ಛೆ! ನಾನು ಹೇಳಿದ್ದನ್ನೆಲ್ಲ ಕೇಳುತ್ತೆ ಡಾಕ್ಟ್ರೇ!”

“ಹೇಳುವಾಗ ಕೈ ಎಲ್ಲಿರುತ್ತೆ?”

“ಕುತ್ತಿಗೆ ಮೇಲೆ.”

“ಅದಕ್ಕೆ ತಿಳಿಯೋದು ಆ ಕೈ. ಮಾತಲ್ಲ.”

ಗುಡುಗಪ್ಪನ ನೆತ್ತಿಗೆ ರಕ್ತ ಏರಿತು. ಮಾನ, ಮಂಡಿ, ಮೇಜು, ಎಲ್ಲವನ್ನೂ ಒಂದು ಕಿವುಡು ಕುದುರೆಗೆ ತೋಡಿಕೊಂಡಿದ್ದ! ಆ ಸುಳ್ಳ ವ್ಯಾಪಾರಿ ಎಷ್ಟು ನಕ್ಕಿರಬೇಕು! ದಡದಡನೆ ಮನೆಯೊಳಗೆ ನುಗ್ಗಿದ. ಹೆಂಡತಿ ಎದ್ದು ನಿಂತಳು. ಮಗಳ ಕೈಯ ಬಳಪ ನಿಂತಿತು. ಅವಳ ಕಣ್ಣು ಮೇಜಿನ ಕಡೆ ಹೊರಳಿತು.

ಅವನು ಎದೆ ತುಂಬ ಉಸಿರೆಳೆದುಕೊಂಡು ಬಾಯಿ ತೆರೆದ.

“ನಮಗೆ ಮೋಸ ಆಯ್ತು ಕಣೇ,” ಎಂಬ ಪಿಸುಮಾತು ಹೊರಬಂತು. “ಆ ವ್ಯಾಪಾರಿ ಕಿವುಡು ಕುದುರೆ ಕೊಟ್ಬಿಟ್ಟ.”

ಬಳಪ ಮತ್ತೆ ಓಡತೊಡಗಿತು. ಹೆಂಡತಿ ಸೀದಾ ಹೋಗಿ ಟ್ರಂಕಿನ ಚಿಲಕ ತೆಗೆದಳು. ಗುಡುಗಪ್ಪ ಬಾಗಿಲಿಗೆ ಅಡ್ಡ ನಿಂತ. ಅವಳು ಮಗಳ ಫ್ರಾಕೊಂದನ್ನು ಹೊರತೆಗೆದು, ಕೊಡವಿ, ಬೀರುವಿನಲ್ಲಿ ತೂಗುಹಾಕಿದಳು.

“ಪಾಪ, ಅವನನ್ನ ಬೈಬೇಡಿ,” ಎಂದಳು. “ಕಿವುಡು ಅಂತ ಅವನು ನನಗೆ ಮೊದಲೇ ಹೇಳಿದ್ದ; ‘ಕಿವೀಲಿ ಮೆಲ್ಲಗೆ ಹೇಳ್ಬೇಕು’ ಅಂತ ಅವನಿಗೆ ಬಾಯಿಪಾಠ ಮಾಡಿಸಿದ್ದು ನಾನು.”